ಉಪ್ಪಿನ ಬೆಳಕಲ್ಲಿ ಕುಂಕುಮ

ಕರುವಿನ ನಾಲಿಗೆ ಇಷ್ಟು ಒರಟಾಗಿರುತ್ತದೆಯೇ, ಅರ ಹಾಕಿ ಉಜ್ಜಿದ ಹಾಗಿದೆ, ಅಂಗೈಯ ಗೆರೆಗಳನ್ನೆಲ್ಲ ಅಳಿಸಿಬಿಡುತ್ತದೋ ಏನೋ, ಅಳಿಸಲಿ ಬಿಡು, ಮಠದ ಅಯ್ನೋರು ಮದುವೆಯ ಗೆರೆ ಎಂದು ತೋರಿಸಿದ್ದ ಗೆರೆಯೂ ಅಲ್ಲೇ ಇದೆ, ಇನ್ನು ಅದನ್ನಿಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೇ — ಉಪ್ಪು, ಹೌದು, ಉಪ್ಪಿಗೇ ಬಂದಿದೆ ಇದು, ಬೆರಳ ಸಂದಿಯಲ್ಲಿ ಉಳಿದ ನಾಲ್ಕು ಹರಳಿಗೆ ಇಷ್ಟು ಪ್ರೀತಿ, ಈ ಮನೆಯಲ್ಲಿ ಈಗ ಅವನನ್ನು ಮುಟ್ಟುವ ಜೀವ ಇದೊಂದೇ. ಸೋಡಿಯಂ ಕ್ಲೋರೈಡ್ ಕಣಮ್ಮ ಅದು, ಎಂದು ಶಿವನಂಜಪ್ಪ ಕರುವಿಗೆ ಹೇಳಿದ, ಹೇಳಿ ನಾಲಿಗೆ ಕಚ್ಚಿಕೊಂಡ, ನೋಡು, ಮತ್ತೆ ಶುರುವಾಯಿತು, ಮನೆಗೆ ಬೆಂಕಿ ಬಿದ್ದರೂ ಬೆಂಕಿಯ ಬಣ್ಣ ಯಾಕೆ ಹಾಗಿದೆ ಎಂದು ವಿವರಿಸುತ್ತಾ ನಿಲ್ಲುವ ಬಾಯಿ ಇದು. ಮಟಮಟ ಮಧ್ಯಾಹ್ನ, ಕಂಪಲಾಪುರದ ಕಂಠಪ್ಪನವರ ಮನೆಯ ಜಗಲಿ, ಹೆಣ್ಣು ನೋಡಲು ಬಂದ ಗಂಡು ಹೊರಗೆ, ಗಂಡಿನ ತಾಯಿ ಮತ್ತು ಸೋದರಮಾವ ಒಳಗೆ, ಇಂಥದ್ದು ಎಲ್ಲಾದರೂ ಉಂಟೇ! ಅರ್ಧ ಗಂಟೆಯ ಹಿಂದೆ ಅವನೂ ಒಳಗೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನೇ, ಹುಣಸೂರು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು, ಬಿ.ಎಸ್ಸಿ., ಉಣ್ಣೆಯ ಕೋಟು, ಹಣೆ ತುಂಬ ವಿಭೂತಿ, ಯಾರು ನೋಡಿದರೂ ಅಳಿಯ ಎನ್ನಬೇಕು — ಈಗ ಕೋಟಿನ ತೋಳಿಗೆಲ್ಲ ಸ್ಪಿರಿಟ್ಟಿನ ನಾತ, ಬಲಗಾಲಿನ ಚಪ್ಪಲಿ ಅಂಗಳದಲ್ಲಿ ಬೋರಲು ಬಿದ್ದಿದೆ, ಬೋರಲು ಬಿದ್ದ ಚಪ್ಪಲಿ ಜಗಳ ತರುತ್ತದೆ ಎಂದು ಅವ್ವ ಹೇಳುತ್ತಾಳೆ, ಜಗಳ ಬಂದಾದ ಮೇಲೆ ಬೋರಲು ಬಿದ್ದರೆ ಏನು ತರುತ್ತದೆ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಒಳಗಿಂದ ಕಂಠಪ್ಪನವರು ಮಾವನ ಮೇಲೆ ಕೂಗಾಡುವ ದನಿ, ಗೋಡೆ ದಾಟಿ ಬರುತ್ತಿದೆ, ಇಂಥಾ ಅಪಶಕುನ ನಮ್ ವಂಸದಲ್ಲೇ ಕಂಡಿಲ್ಲ ಕಣ್ರೀ ಪುಟ್ಟಮಲ್ಲಪ್ನೋರೇ, ಎಣ್ಣು ನೋಡಕ್ ಬಂದೋರು ಮನೆ ಮುತ್ತೈದೇರ ಕುಂಕ್ಮಾನೇ ಅಳ್ಸಾಕೋದಾ! ಅಳಿಸಿಲ್ಲ ಸ್ವಾಮಿ, ಎಂದು ಶಿವನಂಜಪ್ಪ ಮನಸ್ಸಿನಲ್ಲೇ ಕೂಗಿದ, ಅಳಿಸಿಲ್ಲ, ಅಲ್ಲೇ ಇತ್ತು, ಕೆಂಪು ಬೆಳಕು ಬೀಳಲಿಲ್ಲ ಅಷ್ಟೆ — ಯಾರಿಗೆ ಬೇಕು ಅದು, ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು, ದೀಪ ಹಚ್ಚಿದರೂ ಹೋಯಿತು. ಮತ್ತು ಇದು ಹೋಗಬಾರದು. ಹಿಂದಿನ ಎರಡು ಸಂಬಂಧ ಹೋದಾಗ ರಾತ್ರಿ ಹೊಟ್ಟೆ ತುಂಬ ಮುದ್ದೆ ಉಂಡು ಮಲಗಿದ್ದ, ಇದು ಹಾಗಲ್ಲ, ಇವಳು ಬೇಕು, ನೀಲಾಂಬಿಕೆಯೇ ಬೇಕು, ಒಂದು ಗಂಟೆಯ ಹಿಂದೆ ಹೆಸರು ಕೂಡ ಸರಿಯಾಗಿ ನೆನಪಿರಲಿಲ್ಲ, ಈಗ ಅವಳಿಲ್ಲದೆ ಹುಣಸೂರಿನ ಬಸ್ಸು ಹತ್ತುವುದು ಹೇಗೆ.

ಬಸ್ಸಿನಲ್ಲಿ ಬರುವಾಗಲೇ ಮಾವ ಹೇಳಿದ್ದರಲ್ಲ, ಸೀಟಿನ ಮೇಲೆ ಒರಗಿ, ಛತ್ರಿಯ ಹಿಡಿಯಿಂದ ಇವನ ಮಂಡಿಗೆ ತಟ್ಟಿ ತಟ್ಟಿ, ಲೇ ನಂಜ, ತುಟಿ ಒಲ್ಕೊಂಡು ಕೂತ್ಕೊ ಕಣ್ಲಾ, ಕೊಟ್ಟುದ್ದ ತಿನ್ನು, ಕೇಳುದ್ರೆ ತಲೆ ಆಡ್ಸು, ಎದ್ದು ಬಾ, ಕೃಷ್ಣರಾಜನಗರದಲ್ಲಿ ಮಾಡ್ದಂಗೆ ಮಾಡುದ್ರೆ ನಾನು ಅಲ್ಲೇ ಬುಟ್ಬುಟ್ಟು ಬತ್ತೀನಿ. ಕೃಷ್ಣರಾಜನಗರದಲ್ಲಿ ಏನು ಮಾಡಿದ್ದ, ಹಾಲು ಕೊಟ್ಟರು, ಹಾಲಿನ ಮೇಲೆ ಕೆನೆ ಯಾಕೆ ಕಟ್ಟುತ್ತದೆ ಎಂದು ಹೇಳಿದ, ನಮ್ಮ ಮನೆ ಹಾಲಿಗೆ ಕೊಂಕು ತೆಗೆದ ಎಂದು ಹುಡುಗಿ ಅಡುಗೆಮನೆಗೆ ಹೋಗಿ ಅತ್ತಳಂತೆ. ಎಚ್.ಡಿ. ಕೋಟೆಯಲ್ಲಿ ಆದದ್ದಕ್ಕೆ ಅವನೊಬ್ಬನೇ ಕಾರಣವಲ್ಲ, ಹುಡುಗಿಯ ತಾತನೇ ಕೇಳಿದ್ದು, ರಷ್ಯಾದೋರು ಆಕಾಸಕ್ಕೆ ಉಪಗ್ರಹ ಹಾರ್ಸವ್ರಲ್ಲ ಮೇಷ್ಟ್ರೇ, ಅದು ಯಾಕೆ ಬೀಳಾಕಿಲ್ಲ — ಮೇಷ್ಟರನ್ನು ಹಾಗೆ ಕೇಳಿದರೆ ಸುಮ್ಮನಿರುತ್ತಾನೆಯೇ, ಕರವಸ್ತ್ರದಲ್ಲಿ ರವೆಉಂಡೆ ಕಟ್ಟಿ ತಲೆಯ ಮೇಲೆ ಗಿರಗಿರನೆ ತಿರುಗಿಸಿದ, ಗಂಟು ಬಿಚ್ಚಿಕೊಂಡಿತು, ಉಂಡೆ ನೆಟ್ಟಗೆ ಹೋಗಿ ತಾತನ ಬೋಳುತಲೆಗೆ ಬಡಿಯಿತು, ನೋಡಿದ್ರಾ, ಹಿಡಿತ ಬಿಟ್ಟರೆ ಹೀಗೆ ನೇರ ಹೋಗುತ್ತದೆ ಎಂದು ಅವನು ಖುಷಿಯಿಂದ ಹೇಳುತ್ತಿದ್ದಾಗ ಮಾವ ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಬಂದಿದ್ದರು. ಆದ್ದರಿಂದ ಇವತ್ತು ಕಂಪಲಾಪುರದಲ್ಲಿ ಅವನು ಬಾಯಿ ಬಿಡಲಿಲ್ಲ, ದೇವರಾಣೆಗೂ ಬಿಡಲಿಲ್ಲ, ನೀಲಾಂಬಿಕೆ ಕೆಂಪು ಸೀರೆಯುಟ್ಟು ತಟ್ಟೆ ತಂದಿಟ್ಟಳು, ತಟ್ಟೆಯನ್ನೇ ನೋಡಿದ, ತಟ್ಟೆ ಹಿಡಿದ ಬೆರಳ ತುದಿಗಳು ಕಪ್ಪಗಿದ್ದವು, ಅವ್ವನೂ ಅದನ್ನೇ ನೋಡಿದ್ದಳು, ಇದೇನವ್ವ ಬೆರಳು ಹಿಂಗೆ, ಎಂದಳು. ಹೊಗೆಸೊಪ್ಪಿನ ಅಂಟು ಕಣತ್ತೆ, ತಿಂಗ್ಳಾದ್ರೂ ಓಗಕಿಲ್ಲ, ಸೊಪ್ಪು ವಿಂಗಡ್ಸೋದು ನಾನೇ, ನಮ್ಮಪ್ಪಂಗೆ ಬಣ್ಣ ತಿಳಿಯಕಿಲ್ಲ — ಊರಿಗೇ ದೊಡ್ಡ ಹೊಗೆಸೊಪ್ಪಿನ ವ್ಯಾಪಾರಿ ಕಂಠಪ್ಪನವರು ಕೆಮ್ಮಿದರು, ಅವರ ಹೆಂಡತಿ ಸುಂದ್ರಮ್ಮ ಮಗಳ ಸೊಂಟಕ್ಕೆ ತಿವಿದರು. ಒಂದು ಆಡು ಏಳವ್ವ ಎಂದರು ಮಾವ. ಅವಳು ವಚನ ಶುರುಮಾಡಿದಳು, ಶಿವ ಶಿವಾ, ಶ್ರುತಿ ಹುಣಸೂರಿನ ಕಡೆ, ತಾಳ ಪಿರಿಯಾಪಟ್ಟಣದ ಕಡೆ, ಎರಡನೇ ಸಾಲಿಗೆ ಹೊರಗೆ ಇದೇ ಕರು ಅಂಬಾ ಎಂದಿತು, ಅವಳು ಹಾಡು ನಿಲ್ಲಿಸಿ, ನನ್ಗಿಂತ ಅದೇ ವಾಸಿ, ಎಂದು ನಕ್ಕುಬಿಟ್ಟಳು, ಬಾಯಿಗೆ ಸೆರಗು ಕೂಡ ಅಡ್ಡ ಹಿಡಿಯಲಿಲ್ಲ. ಆಗಲೇ, ಆ ನಗೆಯಲ್ಲೇ, ಶಿವನಂಜಪ್ಪನ ಕೈಯ ಉಪ್ಪಿಟ್ಟು ಬಾಯಿಗೆ ಹೋಗದೆ ನಿಂತಿತ್ತು. ತನ್ನ ತಪ್ಪಿಗೆ ತಾನೇ ನಗುವವಳು, ಇಂಥವಳ ಜೊತೆ ಬದುಕಿದರೆ ಉಂಡೆ ಯಾರ ತಲೆಗೆ ಬಡಿದರೂ ಪರವಾಗಿಲ್ಲ ಎನ್ನಿಸಿತ್ತು.

ಎದ್ದು ಬಂದಿದ್ದರೆ ಆಗುತ್ತಿತ್ತು, ಎಲೆಅಡಿಕೆ ಹಾಕಿಕೊಂಡು ಎದ್ದೇ ಬಿಟ್ಟಿದ್ದರು ಮಾವ, ಆದರೆ ಆ ಅಜ್ಜಿ, ಕಂಠಪ್ಪನವರ ತಾಯಿ, ಹೆಸರೂ ದೊಡ್ಡಮ್ಮ, ಮನೆಗೂ ದೊಡ್ಡಮ್ಮ, ಬಿಳಿ ಸೀರೆ, ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಬಿಟ್ಟರೆ ಬೇರೇನೂ ಇಲ್ಲ, ಕಂಬಕ್ಕೆ ಒರಗಿ ಕೂತವರು ಕೋಲು ನೆಲಕ್ಕೆ ಕುಟ್ಟಿದರು, ನಿಂತ್ಕಳಿ, ಎಲ್ಲಿಗೋಯ್ತೀರಿ, ನಮ್ ಉಡ್ಗಿ ಆಡೇಳುದ್ಲು, ನಿಮ್ ಉಡ್ಗ ಏನ್ ಮಾಡ್ದ, ಉಪ್ಪಿಟ್ ತಿಂದ, ಮೇಷ್ಟ್ರು ಅಂತೀರಲ್ಲ, ಒಂದ್ ಪಾಠ ಏಳ್ಲಿ, ನಾವೂ ಕೇಳ್ಮ. ಮಾವ ತೊಡೆ ಚಿವುಟಿದರು, ಈಗಲೂ ಉರಿಯುತ್ತಿದೆ ಅಲ್ಲಿ, ಅವನಿಗೆ ಇಲ್ಲಮ್ಮಾ ಗಂಟಲು ನೋವು ಎನ್ನಬಹುದಿತ್ತು, ಅಂದನೇ, ಇಲ್ಲ, ನೀಲಾಂಬಿಕೆ ಕಣ್ಣೆತ್ತಿ ನೋಡಿದಳು, ಅಷ್ಟೇ ಸಾಕಾಯಿತು, ಸ್ಟವ್ ಹಚ್ಚೋ ಸ್ಪಿರಿಟ್ ಇದೆಯೇ, ಒಂದು ಕಂಚಿನ ತಟ್ಟೆ, ದೀಪದ ಬತ್ತಿಯ ಅರಳೆ, ಒಂದು ಹಿಡಿ ಉಪ್ಪು, ಬಾಗಿಲು ಕಿಟಕಿ ಎಲ್ಲ ಹಾಕಿಬಿಡಿ, ಕೋಟಿನ ತೋಳು ಮಡಿಸಿದ, ಮಾವ ಹಣೆ ಚಚ್ಚಿಕೊಂಡು ಕೂತರು. ದೊಡ್ಡಮ್ಮನಿಗೆ ಮಾತ್ರ ಬಹಳ ಸಂತೋಷ, ಬೆಂಕೀಗ್ ಉಪ್ ಆಕ್ತಾನೆ ಅಂದ್ರೆ ದೃಷ್ಟಿ ತಗೀತಾನೆ ಕಣ್ರವ್ವಾ, ಓದ್ದೋನಾದ್ರೂ ಸಂಪ್ರದಾಯ ಬುಟ್ಟಿಲ್ಲ, ಬನ್ನಿ ಎಲ್ಲಾ ಮುಂದಕ್ ಕೂತ್ಕಳಿ, ನೀಲಾ, ನೀನು ಎದ್ರುಗೇ ಕೂತ್ಕ, ನಿನ್ಗೇ ಜಾಸ್ತಿ ದೃಷ್ಟಿ. ಅಲ್ಲಮ್ಮ, ಇದು ದೃಷ್ಟಿಯಲ್ಲ, ಎನ್ನಬೇಕಾಗಿತ್ತು, ಅಲ್ಲೇ ಎನ್ನಬೇಕಾಗಿತ್ತು, ಉಪ್ಪು ತಿಂದವನು ನೀರು ಕುಡಿಯಬೇಕು, ಉಪ್ಪು ಸುಟ್ಟವನು ಜಗಲಿಯಲ್ಲಿ ಕೂರಬೇಕು, ಅವನು ಅನ್ನಲಿಲ್ಲ, ಯಾಕೆಂದರೆ ಎಲ್ಲರೂ ಹತ್ತಿರ ಸರಿದು ಕೂತಿದ್ದರು, ಮೂರು ವರ್ಷದ ಮೇಷ್ಟರಿಕೆಯಲ್ಲಿ ಅವನ ಪಾಠಕ್ಕೆ ಯಾರೂ ಮುಂದಕ್ಕೆ ಸರಿದು ಕೂತವರಿಲ್ಲ. ನಡುಮನೆ ಗವಿಯ ಹಾಗೆ ಕತ್ತಲಾಯಿತು. ಒದ್ದೆ ಉಪ್ಪು ಮೆತ್ತಿದ ಅರಳೆಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದ, ಭಗ್ ಎಂದಿತು, ಮೊದಲು ನೀಲಿ, ಆಮೇಲೆ ಹಳದಿ, ಎಂಥ ಹಳದಿ ಅದು, ಪಕ್ವವಾದ ನಿಂಬೆಹಣ್ಣು ಹಿಂಡಿದ ಹಾಗೆ. ಅಟ್ಟಕ್ಕೆ ಹತ್ತುವ ಏಣಿ ಅಲ್ಲೇ ಗೋಡೆಗೆ ನಿಂತಿತ್ತು, ಅದನ್ನೇ ತೋರಿಸಿದ, ನೋಡಿ, ಉಪ್ಪಿನೊಳಗೆ ಕಣ್ಣಿಗೆ ಕಾಣದ ಪರಮಾಣು ಇದೆ, ಅದರೊಳಗೆ ಎಲೆಕ್ಟ್ರಾನ್, ಅದಕ್ಕೂ ಇಂಥದ್ದೇ ಏಣಿ, ನೀವು ಈ ಮೆಟ್ಟಿಲ ಮೇಲೆ ನಿಲ್ಲಬಹುದು, ಆ ಮೆಟ್ಟಿಲ ಮೇಲೆ ನಿಲ್ಲಬಹುದು, ಎರಡರ ನಡುವೆ ಗಾಳಿಯಲ್ಲಿ ನಿಲ್ಲೋಕಾಗುತ್ತಾ, ಆಗಲ್ಲ, ಅದಕ್ಕೂ ಆಗಲ್ಲ, ಬೆಂಕಿಯ ಬಿಸಿ ನುಂಗಿ ಒಂದು ಮೆಟ್ಟಿಲು ಮೇಲಕ್ಕೆ ಹಾರುತ್ತದೆ, ಅಲ್ಲಿ ನಿಲ್ಲಲಾರದೆ ಕೆಳಕ್ಕೆ ಬೀಳುತ್ತದೆ, ಬೀಳುವಾಗ ನುಂಗಿದ್ದನ್ನು ಕಕ್ಕುತ್ತದೆ, ಕಕ್ಕಿದ್ದೇ ಈ ಬೆಳಕು! ಥೂ, ಉಪ್ಪಿಟ್ ತಿಂದವ್ರ ಮುಂದೆ ಎಂಥಾ ಮಾತು, ಎಂದರು ಮಾವ ಕತ್ತಲಲ್ಲಿ. ಆಗ ಅವಳ ದನಿ, ಯಾಕೆ ಹಳದೀನೇ? ಯಾಕೆ. ಶಿವನಂಜಪ್ಪನಿಗೆ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ತುಂಬಿ ಬಂತು, ಮೂರು ವರ್ಷ, ನಾಲ್ಕು ಸೆಕ್ಷನ್, ಒಬ್ಬನಾದರೂ ಯಾಕೆ ಎಂದು ಕೇಳಿದ್ದನೇ, ಪರೀಕ್ಷೆಗೆ ಬತ್ತದಾ ಸಾ ಎಂದು ಕೇಳಿದವರೇ ಎಲ್ಲ. ಯಾಕೆಂದರೆ ಉಪ್ಪಿನ ಏಣಿಯ ಆ ಎರಡು ಮೆಟ್ಟಿಲಿನ ಅಂತರ ಅಷ್ಟೇ ನೀಲಾಂಬಿಕೆಯವರೇ, ಅಂತರ ಎಷ್ಟೋ ಬಣ್ಣ ಅದೇ, ತಾಮ್ರಕ್ಕೆ ಬೇರೆ ಏಣಿ, ಅದು ಹಸಿರು ಕೊಡುತ್ತದೆ, ಉಪ್ಪು ಹಳದಿ ಬಿಟ್ಟು ಬೇರೇನೂ ಕೊಡುವುದಿಲ್ಲ. ಅಂಗಾದ್ರೆ ಮ್ಯಾಲೆ ಹೋದದ್ದು ಅಲ್ಲೇ ಯಾಕೆ ನಿಲ್ಲಕಿಲ್ಲ? ಈ ಪ್ರಶ್ನೆಗೆ ಉತ್ತರ ಕೊಡಲು ಬಾಯಿ ತೆರೆದ. ಉತ್ತರ ಬರಲಿಲ್ಲ, ಕಿರುಚಾಟ ಬಂತು.

ಕಿರುಚಿದ್ದು ಸುಂದ್ರಮ್ಮ. ಮಗಳ ಮುಖ ನೋಡಿ ಕಿರುಚಿದರು, ಅಯ್ಯೋ ಶಿವನೇ, ನೀಲನ ಕುಂಕ್ಮ ಕರ್ರಗಾಗೋಯ್ತು! ಮಗಳು ತಾಯಿಯ ಮುಖ ನೋಡಿ, ನಿಂದೂ ಅಂಗೇ ಅದೆ ಕಣವ್ವ, ಎಂದಳು, ಅದು ಉರಿಯುವ ಬೆಂಕಿಗೆ ಇನ್ನಷ್ಟು ಸ್ಪಿರಿಟ್ ಸುರಿದ ಹಾಗಾಯಿತು. ಹೌದು, ಕರ್ರಗಾಗಿತ್ತು, ಕಾಡಿಗೆಯ ಬೊಟ್ಟಿನಂತೆ, ಅಷ್ಟು ದೊಡ್ಡ ಕೆಂಪು ಕುಂಕುಮ ಹಣೆಯ ನಡುವೆ ಕಪ್ಪು ತೂತಾಗಿ ಕೂತಿತ್ತು, ಕೆಂಪು ಸೀರೆ ಕರಿ ಸೀರೆಯಾಗಿತ್ತು, ಹಸಿರು ಬಳೆ ಕರಿಬಳೆ, ಕೆನ್ನೆಯ ಅರಿಸಿನಕ್ಕೂ ಗಂಡಸರ ವಿಭೂತಿಗೂ ವ್ಯತ್ಯಾಸವೇ ಇಲ್ಲ, ತುಟಿಗಳು ಸತ್ತವರ ತುಟಿಗಳು, ಕಂಠಪ್ಪನವರು ಮೂರು ದಿನ ನೀರಿನಲ್ಲಿ ಬಿದ್ದಿದ್ದವರ ಹಾಗೆ ಕಾಣುತ್ತಿದ್ದರು, ಮಾವ ಸ್ವಲ್ಪ ಮೊದಲಿನ ಹಾಗೇ ಕಾಣುತ್ತಿದ್ದರು. ಮತ್ತು ಅವನು, ಪುಣ್ಯಾತ್ಮ, ಆ ಗಲಾಟೆಯ ನಡುವೆ, ಎರಡು ಕೈಯೆತ್ತಿ, ಆಹಾ, ನೋಡಿದಿರಾ, ಇದೇ ನೋಡಿ ಮುಖ್ಯವಾದ ಅಂಶ, ಎಂದಿದ್ದ. ಮುಖ್ಯವಾದ ಅಂಶ! ಕುಂಕುಮಕ್ಕೆ ಸ್ವಂತ ಬೆಳಕಿಲ್ಲ, ಬಿದ್ದ ಬೆಳಕಿನಲ್ಲಿ ಕೆಂಪನ್ನು ವಾಪಸ್ಸು ಕೊಡುತ್ತದೆ, ಮಿಕ್ಕಿದ್ದೆಲ್ಲ ನುಂಗುತ್ತದೆ, ಇಲ್ಲಿ ಬೀಳುತ್ತಿರುವುದೇ ಬರೀ ಹಳದಿ, ಅದನ್ನೂ ನುಂಗಿಕೊಂಡಿತು, ಕೊಡೋಕೆ ಕೆಂಪೇ ಇಲ್ಲ, ಆದ್ದರಿಂದ ಕಪ್ಪು — ಇದನ್ನು ಯಾರು ಕೇಳಿಸಿಕೊಂಡರು, ಅವ್ವ ಶಿವರುದ್ರಮ್ಮ ಸೆರಗಿನಿಂದ ಬೆಂಕಿ ಬಡಿಯಲು ಬಂದಳು, ಸೆರಗು ಹತ್ತಿಕೊಳ್ಳದಿದ್ದುದು ಅವಳು ಹಿಡಿದ ಸೋಮವಾರಗಳ ಪುಣ್ಯ, ಯಾರೋ ತಟ್ಟೆಯ ಮೇಲೆ ಚೊಂಬಿನ ನೀರು ಎತ್ತಿಹಾಕಿದರು, ಕತ್ತಲಲ್ಲಿ ಕಂಠಪ್ಪನವರು ಏಣಿಗೆ ಡಿಕ್ಕಿ ಹೊಡೆದರು, ಏಣಿ ಮಾವನ ಮೇಲೆ ಬಿತ್ತು, ಬಾಗಿಲು ತೆರೆದಾಗ ಎಲ್ಲರ ಹಣೆಯ ಕುಂಕುಮವೂ ಮೊದಲಿನಂತೆ ಕೆಂಪಗೆ ಇತ್ತು, ಆದರೂ ಸುಂದ್ರಮ್ಮ ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡು, ಮುಟ್ಟಿ ಮುಟ್ಟಿ ಕೆಡಿಸಿಕೊಂಡು, ಈಗ ನಿಜವಾಗಿಯೂ ಅಳಿಸಿಹೋಗಿದೆ ನೋಡ್ರೀ ಎಂದು ಅಳುತ್ತಿದ್ದರು. ಮದ್ವೆಗ್ ಮುಂಚೇನೇ ನನ್ ಮಗಳ ಅಣೆ ಕರ್ರಗ್ ಮಾಡ್ದ, ಮದ್ವೆ ಆದ್ಮೇಲೆ ಏನ್ ಗತಿ! ಈ ಒಂದು ಮಾತಿನವರೆಗೆ ಎಲೆಕ್ಟ್ರಾನ್ ಹೋಗುವುದಿಲ್ಲ, ತಾಯಿಯ ಹೆದರಿಕೆಗೆ ಯಾವ ಏಣಿ ಇಡುವುದು. ಎಲ್ಲರೂ ಕೂಗುತ್ತಿದ್ದಾಗ ಕೂಗದೆ ಇದ್ದವರು ಇಬ್ಬರು, ನೀಲಾಂಬಿಕೆ, ಅವಳು ತಟ್ಟೆಯ ಒದ್ದೆ ಬೂದಿಯನ್ನೇ ನೋಡುತ್ತಿದ್ದಳು, ದೊಡ್ಡಮ್ಮ, ಅವರು ಅಷ್ಟು ಹೊತ್ತೂ ಕೂತಲ್ಲೇ ಕೂತು ಎಲ್ಲರ ಹಣೆಯನ್ನು ಒಂದೊಂದಾಗಿ ನೋಡುತ್ತಿದ್ದರು. ಆಚೆ ಕೂತಿರಪ್ಪ ಮೇಷ್ಟ್ರೇ, ದೊಡ್ಡೋರು ಮಾತಾಡ್ತೀವಿ, ಎಂದು ಕಂಠಪ್ಪನವರು ಬಾಗಿಲು ತೋರಿಸಿದ್ದು ಆಮೇಲೆ.

ಸಾಕು ಬಿಡಮ್ಮ, ಇನ್ನು ಉಪ್ಪಿಲ್ಲ, ಚರ್ಮ ಅದು, ನನ್ನ ಚರ್ಮ. ಕರು ಕಿವಿ ಆಡಿಸಿತು. ಒಳಗೆ ಈಗ ಕೂಗಾಟ ನಿಂತಿದೆ, ಅದು ಇನ್ನೂ ಕೆಟ್ಟದ್ದು, ಕೂಗುವವರು ಇನ್ನೂ ಸಂಬಂಧ ಇಟ್ಟುಕೊಂಡಿರುತ್ತಾರೆ, ಮೆತ್ತಗೆ ಮಾತಾಡುವವರು ಮುಗಿಸಿರುತ್ತಾರೆ. ಅವ್ವನ ದನಿ, ನನ್ ಮಗ ಒಳ್ಳೇವ್ನೇ ಕಣ್ರೀ ಸುಂದ್ರಮ್ನೋರೇ, ಬಾಯೊಂದು, ಬಾಯೊಂದು ಅವನ ಅಪ್ಪಂದೇ, ಮದ್ವೆ ಆದ್ರೆ ಸರಿಯೋಯ್ತದೆ — ಅವ್ವ ಅಳುತ್ತಿದ್ದಾಳೆ, ಪರರ ಮನೆಯಲ್ಲಿ, ಮಗನ ಬಾಯಿಯ ದೆಸೆಯಿಂದ, ಇದಕ್ಕಿಂತ ಸುಮ್ಮನೆ ಉಪ್ಪಿಟ್ಟು ತಿಂದು ಮನೆಗೆ ಹೋಗುವುದು ಎಷ್ಟು ಸುಲಭವಿತ್ತು. ಎದ್ದು ಹೋಗಿ ಕಾಲು ಹಿಡಿಯಲೇ, ತಪ್ಪಾಯಿತು, ಉಪ್ಪು ಸುಟ್ಟದ್ದು ತಪ್ಪಾಯಿತು, ದೃಷ್ಟಿ ತೆಗೆಯಲೆಂದೇ ಹಚ್ಚಿದೆ, ದೃಷ್ಟಿ ಬಹಳ ಇತ್ತು ಆದ್ದರಿಂದ ಕಪ್ಪಾಯಿತು ಎಂದುಬಿಡಲೇ — ಎಂಥ ಸುಲಭ! ಎಲ್ಲರೂ ನಂಬುತ್ತಾರೆ, ದೊಡ್ಡಮ್ಮ ಮೊದಲೇ ನಂಬಿದ್ದಾರೆ, ಇನ್ನೊಂದು ತಟ್ಟೆ ಉಪ್ಪಿಟ್ಟು ಬರುತ್ತದೆ, ಲಗ್ನ ಕಟ್ಟಿಸುತ್ತಾರೆ, ನೀಲಾಂಬಿಕೆ ಮನೆಗೆ ಬರುತ್ತಾಳೆ. ಬಂದು, ಒಂದು ದಿನ, ಯಾಕೆ ಹಳದೀನೇ ಎಂದು ಕೇಳಿದವಳು, ನಿಜವಾಗಿಯೂ ದೃಷ್ಟಿಯೇನಾ ಅದು ಎಂದು ಕೇಳುತ್ತಾಳೆ. ಆಗ ಯಾವ ಮುಖ ಹೊತ್ತುಕೊಂಡು ನಿಲ್ಲುವುದು. ಎದ್ದ, ಕೂತ, ಮತ್ತೆ ಎದ್ದ, ಬಾಗಿಲವರೆಗೆ ಹೋದ, ಹೊಸ್ತಿಲ ಮೇಲೆ ಕಾಲಿಟ್ಟ, ಸುಳ್ಳು ಗಂಟಲವರೆಗೆ ಬಂದಿತ್ತು, ಕಂಠಪ್ಪನವರೇ ಎಂದ, ಅವರು ತಿರುಗಿ ನೋಡಿದರು, ಏನಪ್ಪ? ಕಪ್ಪಾದದ್ದು ನಿಜ, ಆದರೆ ಕುಂಕುಮಕ್ಕೆ ಏನೂ ಆಗಿರಲಿಲ್ಲ, ಬೆಳಕಿನಲ್ಲಿ ಕೆಂಪಿರಲಿಲ್ಲ, ಇಷ್ಟೇ ಸ್ವಾಮಿ, ಬೇರೆ ಹೇಳಿದರೆ ಸುಳ್ಳಾಗುತ್ತದೆ, ಎಂದುಬಿಟ್ಟಿತು ಆ ಹಾಳು ಬಾಯಿ. ಮಾವ ಎದ್ದು ಟವಲು ಕೊಡವಿಕೊಂಡರು, ಏಣಿ ಬಿದ್ದ ಭುಜ ನೀವಿಕೊಂಡರು, ಅಕ್ಕಾ, ನಡಿ, ಮೂರು ಗಂಟೆ ಬಸ್ಸು ಸಿಕ್ತದೆ, ಎಂದು ಹೊರಗೆ ಬಂದು ಚಪ್ಪಲಿ ಮೆಟ್ಟಿದರು, ಇವನ ಮುಖ ಕೂಡ ನೋಡಲಿಲ್ಲ.

ಮುಗಿಯಿತು. ಚಪ್ಪಲಿ ತಿರುಗಿಸಿ ಹಾಕಿಕೊಳ್ಳಬೇಕು, ಮೊದಲು ಬಲಗಾಲು, ಎಷ್ಟು ದೂರ ಬಿದ್ದಿದೆ, ಎರಡು ಹೆಜ್ಜೆ, ಆ ಎರಡು ಹೆಜ್ಜೆ ಇಡಲಾಗುತ್ತಿಲ್ಲ — ಅಪ್ಪಯ್ಯ, ಎಂದಿತು ಒಳಗಿಂದ ಒಂದು ದನಿ, ಹಾಡು ಹೇಳಿದ ದನಿಯೇ, ಈಗ ಶ್ರುತಿ ಸರಿಯಾಗಿತ್ತು, ಅಪ್ಪಯ್ಯ, ಓದ್ ವರ್ಸ ಒಣಗ್ಸೋ ಬ್ಯಾರನ್ನಿಂದ ಇಳ್ಸಿದ ಸೊಪ್ಪು ಲಾಂದ್ರದ ಬೆಳಕಲ್ಲಿ ವಿಂಗಡ್ಸುದ್ರಿ ನೀವು, ಬ್ಯಾಡ ಅಂದ್ರೂ ಕೇಳ್ನಿಲ್ಲ, ಏನಾಯ್ತು? ನಿಂಬೆ ಬಣ್ಣದ್ದು, ಕಿತ್ಳೆ ಬಣ್ಣದ್ದು, ಎಲ್ಲಾ ಒಂದೇ ಅಂತ ಕಟ್ಟುದ್ರಿ, ಬೆಳಿಗ್ಗೆ ಬಿಸ್ಲಲ್ಲಿ ಬಿಚ್ಚುದ್ರೆ ಕಲಸುಮೇಲೋಗ್ರ, ಕೊಳ್ಳೋರು ಅಷ್ಟೂ ವಾಪಸ್ ಕಳ್ಸುದ್ರು. ಸೊಪ್ಪು ಕೆಟ್ಟಿತ್ತಾ, ಬೆಳಕು ಕೆಟ್ಟಿತ್ತಾ? ಕಂಠಪ್ಪನವರು ಕೆಮ್ಮಿದರು, ಅದ್ಯಾಕೆ ಈಗ. ಅದುಕ್ಕೇ ಕೇಳ್ತಿರೋದು, ಅವತ್ತಿಂದ ಬಡಗಣ ಕಿಟ್ಕಿ ಬೆಳಕಿಲ್ದೆ ಒಂದೆಲೇನೂ ಮುಟ್ಟಬ್ಯಾಡಿ ಅಂತ ಎಲ್ಲಾರ್ಗೂ ಏಳ್ಕೊಂಡ್ ತಿರಗ್ತೀರಲ್ಲ, ಎಲೇಗೊಂದು ನ್ಯಾಯ, ಅಣೇಗೊಂದು ನ್ಯಾಯವಾ? ಜಗಲಿಯ ಮೇಲೆ ಶಿವನಂಜಪ್ಪ ಕಂಬ ಹಿಡಿದುಕೊಂಡ. ಮೂರು ವರ್ಷದಲ್ಲಿ ಅವನು ಒಮ್ಮೆಯೂ ಇಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ. ಸುಂದ್ರಮ್ಮ ಗೊಣಗುತ್ತಿದ್ದರು, ಎಲೆ ಎಲೇನೇ, ಕುಂಕ್ಮ ಕುಂಕ್ಮಾನೇ ಕಣೇ, ಅದು ಕರ್ರಗಾಗೋದು ಅಂದ್ರೆ — ಆಗ ಕೋಲು ನೆಲಕ್ಕೆ ಕುಟ್ಟಿದ ಸದ್ದು. ದೊಡ್ಡಮ್ಮ ಮೆಲ್ಲಗೆ ಮಾತಾಡಿದರು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು, ಮಾವ ಕೂಡ ಅಂಗಳದಲ್ಲಿ ನಿಂತುಬಿಟ್ಟರು, ನಿಮ್ಮಪ್ಪ ಸತ್ತಾಗ ಕಂಠ, ನನ್ಗೆ ಇಪ್ಪತ್ತೆರ್ಡು, ಹಾವು ಕಚ್ಚಿ ಸತ್ತ, ಹಾವಿಗ್ ಯಾರೂ ಬಯ್ನಿಲ್ಲ, ಇವಳ ಅಣೆ ಸರಿ ಇಲ್ಲ ಅಂದ್ರು, ನಮ್ಮತ್ತೆ ಅಂದ್ಲು, ಊರೂ ಅಂತು, ನಾನೂ ಅವ್ದು ಅನ್ಕಂಡೆ. ಇವತ್ತು ಆ ಉಪ್ಪಿನ ಬೆಳಕಲ್ಲಿ ನೀವೆಲ್ಲಾರೂ ನನ್ನಂಗೇ ಕಂಡ್ರಿ. ನಿಮ್ಗೆಲ್ಲಾ ಭಯ ಆಯ್ತು. ಆ ಉಡ್ಗ ಒಬ್ನೇ, ಏಣಿ ಬಿದ್ರೂವೆ, ನಿಮ್ ಅಣೇಗ್ ಏನೂ ಆಗಿಲ್ಲ, ಬೆಳಕಲ್ಲಿ ಕೆಂಪಿಲ್ಲ ಅಂತ ಬಡ್ಕತಿದ್ದ. ಈಗ್ಲೂ ಬಂದು ಸುಳ್ಳೇಳಿ ಎಣ್ಣು ತಕೊಂಡ್ ಓಗ್ಬೋದಿತ್ತು, ಏಳ್ನಿಲ್ಲ. ಇವನ್ಗೇ ಕೊಡು. ಬೆಳಕು ಕೆಟ್ರೆ ಎಂಗ್ಸಿನ ಅಣೆ ಕೆಡ್ತು ಅನ್ನೋ ಪೈಕಿ ಅಲ್ಲ ಇವ್ನು.

ಆಮೇಲೆ ಕಂಠಪ್ಪನವರೇ, ಆ ದಪ್ಪ ದನಿಯನ್ನು ಎಲ್ಲೋ ಕಳೆದುಕೊಂಡು, ಉಪ್ಪು ತತ್ತಾ ಸುಂದ್ರಿ, ಇನ್ನೊಂದ್ ಸಲ ನೋಡುಮ, ಎಂದರು. ಸುಂದ್ರಮ್ಮ ಎದ್ದರು, ಮೂಗು ಒರೆಸಿಕೊಳ್ಳುತ್ತಾ ಎದ್ದರು, ಆದರೂ ಎದ್ದರು. ಬಾಗಿಲು ಹಾಕಿಕೊಂಡಿತು, ಅವನನ್ನು ಯಾರೂ ಕರೆಯಲಿಲ್ಲ, ಮೇಷ್ಟರಿಲ್ಲದೆ ಪಾಠ ನಡೆಯುತ್ತಿದೆ, ಸ್ಪಿರಿಟ್ ಸ್ವಲ್ಪವೇ ಹಾಕಿ ಎಂದು ಕೂಗಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಎನ್ನಬೇಕು, ಜಗಲಿಗೆ ತೆರೆಯುವ ಕಿಟಕಿಯ ಕದದಲ್ಲಿ ಒಂದು ಬಿರುಕು, ಶಿವನಂಜಪ್ಪ ಸರಳು ಹಿಡಿದು ಬಿರುಕಿಗೆ ಕಣ್ಣಿಟ್ಟ, ಕೋಟು, ಬಿ.ಎಸ್ಸಿ., ಮರ್ಯಾದೆ ಎಲ್ಲ ಜಗಲಿಯ ಮೇಲೆ ಉಳಿಯಿತು. ಭಗ್. ಹಳದಿ. ಕಿಟಕಿಯ ಪಕ್ಕದಲ್ಲೇ ಅವಳು, ಎದುರಿಗೆ ದೊಡ್ಡಮ್ಮ, ಹಿಂದೆ ಸುಂದ್ರಮ್ಮ ಅಂಗೈಯಿಂದ ಹಣೆ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದಾರೆ. ನೋಡವ್ವ, ಈಗ ಕಪ್ಪು, ಎಂದಳು ನೀಲಾಂಬಿಕೆ, ಕದ ಎಳೆದಳು, ಬಿಸಿಲು ನುಗ್ಗಿತು, ಅವಳ ಮುಖ ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿ, ಈಗ ಕೆಂಪು. ಅವನನ್ನು ಅಲ್ಲಿ ನಿರೀಕ್ಷಿಸಿರಲಿಲ್ಲ, ಆದರೂ ಹಿಂದೆ ಸರಿಯಲಿಲ್ಲ, ಮೇಷ್ಟ್ರೇ, ಮ್ಯಾಲಿನ ಮೆಟ್ಟಲ ಮೇಲೆ ಯಾಕೆ ನಿಲ್ಲಕಿಲ್ಲ ಅದು, ನೀವು ಏಳ್ನೇ ಇಲ್ಲ. ಗೊತ್ತಿಲ್ಲ, ಎಂದ ಶಿವನಂಜಪ್ಪ, ಆ ಮಾತನ್ನು ಹುಟ್ಟಿದಾಗಿನಿಂದ ಆಡಿದ್ದು ಇದೇ ಮೊದಲು, ಮೈಸೂರಿನ ಕಾಲೇಜಿನಲ್ಲಿ ನಮಗೂ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸರಿ, ಉಡುಕುಮ, ಎಂದು ಕದ ಮುಚ್ಚಿದಳು. ಉಡುಕುಮ, ಹುಡುಕೋಣ, ನಾನು ಮತ್ತು ನೀವು ಎಂದೇ ತಾನೇ ಅದರ ಅರ್ಥ, ಹುಡುಕುವುದಕ್ಕೆ ಎಷ್ಟು ವರ್ಷ ಬೇಕಾಗಬಹುದು, ನಿಧಾನವಾಗಿ ಹುಡುಕಬೇ— ಬಿರುಕಿನಲ್ಲಿ ಮತ್ತೆ ಹಳದಿ, ಅವಳ ಹಣೆಯ ಮೇಲೆ ಕಪ್ಪು, ಎದುರಿಗೆ ದೊಡ್ಡಮ್ಮನ ಹಣೆ, ಮೂರು ಗೆರೆ, ನಡುವೆ ಬಯಲು. ಕದ ತೆರೆಯಿತು, ಕೆಂಪು, ಎದುರಿಗೆ ಬಯಲು. ಮುಚ್ಚಿತು, ಕಪ್ಪು, ಬಯಲು. ಏನೋ ಹೇಳಬೇಕೆಂದು ಬಾಯಿ ತೆರೆದ, ಬೆಳಕಿನ ಬಗ್ಗೆಯೇ ಏನೋ, ಆ ಬಯಲು ಹಣೆಗೆ ಯಾವ ಬೆಳಕು ಹಚ್ಚಿದರೆ — ಕದ ತೆರೆಯಿತು, ಅಲ್ಲಿ ದೊಡ್ಡಮ್ಮ ಮೊಮ್ಮಗಳ ಹಣೆಗೆ ತೋರುಬೆರಳು ಮುಟ್ಟಿಸಿ, ಆ ಬೆರಳ ತುದಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು, ಕೆಂಪು, ಇಪ್ಪತ್ತೆರಡನೇ ವಯಸ್ಸಿನಿಂದ ಕುಂಕುಮ ಮುಟ್ಟದ ಬೆರಳ ತುದಿಯಲ್ಲಿ ಕೆಂಪು —